ಕೆಂಪು ನೀರಿನ ಸರದಿ

ನಮ್ಮ ಆಸ್ಪತ್ರೆಯ ಗುರುವಾರದ ಬಸುರಿಯರ ಕ್ಲಿನಿಕ್ಕಿನಲ್ಲಿ ಹೆಂಗಸರನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಗಂಡಂದಿರ ಬಿಲ್ಲೆಯ ನಂಬರು ಹಿಡಿದು ಕರೆಯುತ್ತಿದ್ದೆವು. ಗಣಿಯ ಪ್ರತಿ ಕೆಲಸಗಾರನಿಗೂ ನಂಬರು ಹೊಡೆದ ಒಂದು ಹಿತ್ತಾಳೆ ಬಿಲ್ಲೆ ಇರುತ್ತಿತ್ತು. ನೆಲದ ಮೇಲೆ ವರ್ಕ್‌ಶಾಪಿನಲ್ಲೋ ಗಿರಣಿಯಲ್ಲೋ ದುಡಿಯುವವರದು ಸಣ್ಣ ನಂಬರು, ಸುರಂಗಕ್ಕೆ ಇಳಿಯುವವರದು ದೊಡ್ಡ ನಂಬರು. ಆ ಕ್ರಮವನ್ನೇ ಆಸ್ಪತ್ರೆ ತಂದುಕೊಂಡಿತ್ತು, ಅದನ್ನು ಶಿಸ್ತು ಎಂದು ಕರೆದುಕೊಂಡಿತ್ತು. ಹೀಗಾಗಿ ಫಿಟ್ಟರನ ಹೆಂಡತಿ ಯಾವಾಗಲೂ ಮೊದಲು, ಕೆಳಗೆ ಬಂಡೆ ಕೊರೆಯುವವನ ಹೆಂಡತಿ ಯಾವಾಗಲೂ ಕೊನೆಗೆ. ಬಸುರಿಯಾಗಿದ್ದಷ್ಟು ತಿಂಗಳೂ ಒಬ್ಬೊಬ್ಬಳೂ ಅದೇ ಹೆಂಗಸಿನ ಬೆನ್ನ ಹಿಂದೆ ಕೂತಿರುತ್ತಿದ್ದಳು. ಇದರಲ್ಲಿ ಯೋಚಿಸಬೇಕಾದದ್ದು ಏನಾದರೂ ಇದೆ ಎಂದು ಯಾರಿಗೂ ಅನ್ನಿಸಲಿಲ್ಲ. ಎಲ್ಲವನ್ನೂ ಅನುಮಾನದಿಂದ ನೋಡುತ್ತೇನೆ ಎಂದು ಬೀಗುತ್ತಿದ್ದ ನನಗೂ ಅನ್ನಿಸಲಿಲ್ಲ.

ಇದು ಐವತ್ತರ ದಶಕದ ಕೊನೆಯ ವರ್ಷಗಳ ಮಾತು. ಆಸ್ಪತ್ರೆ ಕೆ.ಜಿ.ಎಫ್.ನಲ್ಲಿತ್ತು, ಈಗ ಇಲ್ಲ. ನನ್ನ ಮನೆ ಬಂಗಾರಪೇಟೆಯಲ್ಲಿ. ಬೆಳಗಿನ ರೈಲಿನಲ್ಲಿ ಹೋಗಿ ಸಂಜೆಯ ರೈಲಿನಲ್ಲಿ ಬರುತ್ತಿದ್ದೆ. ಅಲ್ಲಿ ಡಾಕ್ಟರಾಗಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು ಎಂದು ನೆನಪು. ಒಂದೂವರೆಯೂ ಇರಬಹುದು. ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ನಂಬದಿರಲು ಕಾರಣವಾದದ್ದೂ ಈ ಪ್ರಸಂಗವೇ.

ಆ ವರ್ಷ ನಮ್ಮಲ್ಲಿ ತಿಂಗಳು ತುಂಬುವ ಮೊದಲೇ ನೀರು ಒಡೆದು ಬರುವ ಹೆಂಗಸರು ಹೆಚ್ಚಾಗಿದ್ದರು. ಮಗುವಿನ ಸುತ್ತ ನೀರು ತುಂಬಿದ ತೆಳುವಾದ ಚೀಲವೊಂದಿರುತ್ತದೆ. ಅದು ಒಡೆಯಬೇಕಾದದ್ದು ಹೆರಿಗೆಯ ಹೊತ್ತಿಗೆ. ನಮ್ಮಲ್ಲಿ ಏಳನೆಯ ತಿಂಗಳಿಗೇ, ನೋವಿಲ್ಲದೆ, ಟ್ಯಾಪಿನ ಮುಂದೆ ಕೊಡ ಹಿಡಿದು ನಿಂತಿದ್ದಾಗ ಒಡೆಯುತ್ತಿತ್ತು. ಆಮೇಲೆ ಜ್ವರ. ಆಮೇಲೆ ಅಂಗೈಯಗಲದ ಒಂದು ಮಗು, ಕೆಲವು ಗಂಟೆಗಳ ಉಸಿರು. ಅದನ್ನು ಹತ್ತಿಯಲ್ಲಿ ಸುತ್ತಿ ಬಿಸಿನೀರಿನ ಬಾಟಲಿಗಳ ನಡುವೆ ಮಲಗಿಸುವುದೊಂದೇ ನಮಗೆ ಗೊತ್ತಿದ್ದ ಉಪಾಯ.

ಕಾರಣ ಮಾತ್ರ ಎಲ್ಲರಿಗೂ ಗೊತ್ತಿತ್ತು. ದೊಡ್ಡ ಡಾಕ್ಟರು, ಅಂದರೆ ನಮ್ಮ ಆಸ್ಪತ್ರೆಯ ಮುಖ್ಯಸ್ಥರು, ಹೆಂಗಸರ ಕೊಳಕುತನವೇ ಕಾರಣ ಎನ್ನುತ್ತಿದ್ದರು. ಅವರ ಕೋಟಿನ ಗಂಜಿ ಎಷ್ಟು ಗಟ್ಟಿಯಿತ್ತೆಂದರೆ ಬಗ್ಗಿ ರೋಗಿಯನ್ನು ನೋಡಲು ಅದು ಬಿಡುತ್ತಿರಲಿಲ್ಲ. ಗಣಿ ಕೆಲಸಗಾರರ ಸಾಲುಮನೆಗಳ, ಅಂದರೆ ಲೈನ್ ಮನೆಗಳ, ಹೆಂಗಸರು ಕೊಡುತ್ತಿದ್ದ ಕಾರಣ ಬೇರೆ. ಗಣಿಯ ತಳದಲ್ಲಿ ವಿಪರೀತ ಸೆಕೆ. ಅಲ್ಲಿ ದುಡಿದ ಗಂಡಸಿನ ಮೈಯೊಳಗೆ ಆ ಕಾವು ಸೇರಿಕೊಳ್ಳುತ್ತದೆ, ಅವನಿಂದ ಹೆಂಡತಿಗೆ ಇಳಿಯುತ್ತದೆ, ಅದಕ್ಕೇ ಬಿಳಿ ಹೋಗುತ್ತದೆ, ನೀರು ಒಡೆಯುತ್ತದೆ. ಇದನ್ನು ಕೇಳಿ ನಾನು ಬಂಗಾರಪೇಟೆಯ ತನಕ ರೈಲಿನಲ್ಲಿ ಒಬ್ಬನೇ ನಗುತ್ತಿದ್ದೆ.

ನನ್ನದು ವಿಜ್ಞಾನ. ಆಸ್ಪತ್ರೆಯ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಸೂಕ್ಷ್ಮದರ್ಶಕವನ್ನು ಒರೆಸಿ ಕ್ಲಿನಿಕ್ಕಿಗೆ ತಂದಿಟ್ಟುಕೊಂಡೆ. ಬಿಳಿ ಹೋಗುತ್ತದೆ ಎಂದವರ ಸ್ರಾವದ ಒಂದು ಹನಿಯನ್ನು ಬೆಚ್ಚಗಿನ ಉಪ್ಪುನೀರಿನೊಂದಿಗೆ ಸ್ಲೈಡಿನ ಮೇಲೆ ಬೆರೆಸಿ, ಮೇಲೆ ತೆಳು ಗಾಜು ಮುಚ್ಚಿ ನೋಡುವುದು. ತಣ್ಣಗಾದರೆ ಏನೂ ಕಾಣದು, ಬೇಗ ನೋಡಬೇಕು. ಮೊದಲ ವಾರವೇ ಕಂಡಿತು: ಕೀವಿನ ಕಣಗಳ ನಡುವೆ ಪೇರಲ ಹಣ್ಣಿನ ಆಕಾರದ ಜೀವಿ, ತುದಿಯ ಬಾಲಗಳನ್ನು ಬೀಸುತ್ತ ನಡುಗುತ್ತ ಈಜುತ್ತಿತ್ತು. ಟ್ರೈಕೊಮೊನಾಸ್. ಗಂಡುಹೆಣ್ಣಿನ ಕೂಟದಿಂದ ಹರಡುತ್ತದೆ ಎಂದು ಓದಿದ್ದೆ. ಪಟ್ಟಿ ಮಾಡಿದೆ. ಇದು ಕಂಡದ್ದೆಲ್ಲ ಸುರಂಗಕ್ಕೆ ಇಳಿಯುವವರ ಹೆಂಡತಿಯರಲ್ಲಿ. ನೆಲದ ಮೇಲಿನವರ ಹೆಂಡತಿಯರಲ್ಲಿ ಹುಡುಕಿದರೂ ಅಪರೂಪ. ಬೇಗ ನೀರು ಒಡೆದವರೂ ಹೆಚ್ಚಾಗಿ ಈ ಸುರಂಗದವರ ಮನೆಯವರೇ. ನನಗೆ ಇನ್ನೇನು ಬೇಕಿತ್ತು? ಜೀವ ಕೈಯಲ್ಲಿ ಹಿಡಿದು ಕೆಳಗಿಳಿಯುವ ಗಂಡಸು ಮೇಲೆ ಬಂದಾಗ ನೆಟ್ಟಗೆ ಮನೆಗೆ ಹೋಗುವುದಿಲ್ಲ, ಹೋಗಬಾರದ ಕಡೆ ಹೋಗಿ ರೋಗ ತರುತ್ತಾನೆ. ದೊಡ್ಡ ಡಾಕ್ಟರ ಕೊಳಕು, ಹೆಂಗಸರ ಕಾವು ಎರಡನ್ನೂ ಸಮನಾಗಿ ತಿರಸ್ಕರಿಸಿ ನಾನು ಮೂರನೆಯ ಪೆದ್ದುತನವನ್ನು ಹಿಡಿದುಕೊಂಡೆ.

ಕಾಮಸಮುದ್ರದ ಕಡೆಯ ಹಳ್ಳಿಯ ಒಬ್ಬ ಹೆಂಗಸು ಆಗ ಮೂರನೆಯ ಸಲ ಬಸುರಿಯಾಗಿ ಬಂದಳು. ಗಂಡ ಕೆ.ಜಿ.ಎಫ್. ಗಣಿಗಳಲ್ಲೊಂದಾದ ಮೈಸೂರು ಮೈನ್ಸಿನಲ್ಲಿ ಬಂಡೆ ಕೊರೆಯುವವನು. ಹಿಂದಿನ ಎರಡು ಬಸಿರೂ ಏಳನೆಯ ತಿಂಗಳಲ್ಲಿ ನೀರು ಒಡೆದು ಹೋಗಿದ್ದವು, ಎರಡೂ ಸಲ ನಮ್ಮ ಕ್ಲಿನಿಕ್ಕಿಗೆ ತಪ್ಪದೆ ಬಂದವಳು. ಈಗ ಮೂರು ತಿಂಗಳು. ಸ್ಲೈಡು ನೋಡಿದೆ, ಟ್ರೈಕೊಮೊನಾಸ್ ಇತ್ತು. ಮುಂದಿನ ಗುರುವಾರ ಗಂಡನನ್ನು ಕರೆದುಕೊಂಡು ಬಾ ಎಂದೆ.

ಅವನು ಬಂದ. ಒಳಗೆ ಕರೆದು ಮಾತಾಡಬಹುದಿತ್ತು. ಜಗಲಿಯ ಬೆಂಚುಗಳಲ್ಲಿ ಹೆಂಗಸರು ತುಂಬಿದ್ದರು, ನಾನು ಅಲ್ಲೇ ನಿಂತು ಕೇಳಿದೆ.

“ಸಂಬಳದ ದಿನ ಎಲ್ಲಿಗೆ ಹೋಗ್ತೀಯಪ್ಪ?”

“ಮನೆಗೆ ಓಗ್ತೀನಿ ಸಾಮಿ.”

“ಎಲ್ಲರೂ ಮನೆಗೇ ಹೋದರೆ ನಿನ್ನ ಹೆಂಡತಿಗೆ ಈ ರೋಗ ಎಲ್ಲಿಂದ ಬಂತು? ಆಕಾಶದಿಂದ ಬಿತ್ತಾ?”

ಬೆಂಚಿನ ಮೇಲಿದ್ದ ಒಬ್ಬ ಅಜ್ಜಿ ಬಾಯಿ ಹಾಕಿದಳು. “ಮೇಲಿಂದ ಅಲ್ಲ ಸಾಮಿ, ಕೆಳಗಿಂದ ಬಂದೈತೆ. ಗಣಿ ಸೆಕೆ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನು ನಗಲಿಲ್ಲ. ಅವನ ಹೆಂಡತಿ ನೆಲ ನೋಡುತ್ತಿದ್ದಳು.

“ಇವನು ತಂದು ಕೊಟ್ಟಿದ್ದಾನೆ ನೋಡಮ್ಮ,” ಎಂದು ಅವಳಿಗೆ ಹೇಳಿದೆ. “ಎರಡು ಮಕ್ಕಳನ್ನ ತಿಂದದ್ದು ಇವನ ಚಾಳಿ.”

ಅವನಿಗೆ ಪೆನಿಸಿಲಿನ್ ಸೂಜಿಗಳನ್ನು ಬರೆದುಕೊಟ್ಟೆ. ಲೈಂಗಿಕ ರೋಗದ ಪರೀಕ್ಷೆಗೆಂದು ಅವನ ರಕ್ತವನ್ನು ಬೆಂಗಳೂರಿಗೆ ಕಳಿಸಿದೆ, ಏನೂ ಇಲ್ಲವೆಂದು ಬಂತು. ಟ್ರೈಕೊಮೊನಾಸಿಗೆ ಪೆನಿಸಿಲಿನ್ ಏನೂ ಮಾಡದು ಎಂಬುದೂ ನನಗೆ ಗೊತ್ತಿತ್ತು. ಆದರೂ ಚುಚ್ಚಿಸಿದೆ. ಅದನ್ನು ಚಿಕಿತ್ಸೆ ಎಂದು ನಾನು ಅಂದುಕೊಂಡಿದ್ದಿರಬೇಕು. ಈಗ ನೋಡಿದರೆ ಅದು ಶಿಕ್ಷೆ.

ಆ ವಾರವೇ ಅವಳು ಗಂಡನ ಮನೆ ಬಿಟ್ಟು ತಾಯಿಯ ಊರಿಗೆ ಹೋದಳು. ಅಲ್ಲಿಂದ ಬಸ್ಸು ಹಿಡಿದು ಬಂಗಾರಪೇಟೆಗೆ, ರೈಲು ಹಿಡಿದು ನಮ್ಮಲ್ಲಿಗೆ ಬರುತ್ತಿದ್ದಳು. ಇವತ್ತು ಮಾತ್ರೆ ನುಂಗಿಸಿ ಮುಗಿಸುವ ಆ ಕಾಯಿಲೆಗೆ ಆಗ ನುಂಗುವ ಮಾತ್ರೆ ಇರಲಿಲ್ಲ. ಆರ್ಸೆನಿಕ್ ಬೆರೆತ ಮಾತ್ರೆಗಳನ್ನು ಒಳಗೆ ಇಟ್ಟುಕೊಳ್ಳಬೇಕಿತ್ತು, ಮೂರು ನಾಲ್ಕು ವಾರ, ದಿನವೂ. ಅಷ್ಟು ದಿನ ತೊಳೆಯಬಾರದು ಎಂದು ಪೊಟ್ಟಣದ ಮೇಲೆ ಬರೆದಿತ್ತು. ಅವಳು ಹೇಳಿದ ಹಾಗೆ ಮಾಡಿದಳು. ಐದನೆಯ ತಿಂಗಳ ನಡುವೆ ಮೂರು ಸ್ಲೈಡು ನೋಡಿದೆ, ಮೂರೂ ಚೊಕ್ಕಟ. ನನ್ನ ಸಿದ್ಧಾಂತಕ್ಕೆ ಇನ್ನೊಂದು ಗೆಲುವು ಸಿಕ್ಕಿತು: ಗಂಡನಿಂದ ದೂರವಾದಳು, ರೋಗ ಹೋಯಿತು.

ಎರಡು ವಾರ ಕಳೆದು ಬಂದಾಗ ಮತ್ತೆ ಬಿಳಿ ಹೋಗುತ್ತಿತ್ತು. ಸ್ಲೈಡಿನಲ್ಲಿ ಅದೇ ಪ್ರಾಣಿ, ಅದೇ ನಡುಗು.

“ಗಂಡನ ಹತ್ತಿರ ಹೋಗಿದ್ದೆಯಾ?” ಎಂದೆ.

“ಅವನ ಮೊಕ ನೋಡಿ ಎರಡು ತಿಂಗಳಾತು ಸಾಮಿ.”

“ಸುಳ್ಳು ಹೇಳಬೇಡ. ಇದು ತಾನಾಗಿ ಬರೋದಲ್ಲ.”

“ನಮ್ಮಮ್ಮನ್ನ ಕೇಳಿ. ಒರಗವ್ಳೆ.”

ಆಗ ನಾನು ಕೇಳಬಾರದ್ದನ್ನು ಕೇಳಿದೆ. ಬೇರೆ ಯಾರಾದರೂ ಗಂಡಸು, ಎಂದೆ.

ಅವಳು ಮೇಜಿನಿಂದ ಇಳಿದು ಸೀರೆ ಸರಿ ಮಾಡಿಕೊಂಡಳು. ಅಲ್ಲಿಯವರೆಗೆ ನನ್ನ ಮುಖವನ್ನು ನೆಟ್ಟಗೆ ನೋಡಿದವಳಲ್ಲ. ಈಗ ನೋಡಿದಳು.

“ಈ ಎರಡು ತಿಂಗಳಾಗೆ ನನ್ನ ಮುಟ್ಟಿದ ಗಂಡಸು ನೀವೊಬ್ರೇ ಸಾಮಿ. ಓಗಿ, ನೀವೂ ಪರೀಕ್ಷೆ ಮಾಡಿಸ್ಕೊಳ್ಳಿ. ಸೂಜಿ ಆಕಿಸ್ಕೊಳ್ಳಿ.”

ನನ್ನ ಹಿಂದೆ ನಿಂತಿದ್ದ ಸಿಸ್ಟರು ಕೆಮ್ಮಿದ ಹಾಗೆ ನಟಿಸಿದರು. ಅವರು ಈ ವಾರ್ಡಿನಲ್ಲಿ ನನಗಿಂತ ಬಹಳ ಹಳಬರು. ನಕ್ಕದ್ದು ನನಗೆ ಚೆನ್ನಾಗಿಯೇ ಕೇಳಿಸಿತು.

ಅವಮಾನದಿಂದ ಕಿವಿ ಕಾದಿದ್ದರೂ ಆ ಮಾತು ತಲೆಯಲ್ಲಿ ಉಳಿಯಿತು. ಅವಳನ್ನು ಮುಟ್ಟಿದ್ದು ನಾನೊಬ್ಬನೇ ಎಂದಾದರೆ, ನಾನು ಯಾವ್ಯಾವುದರಿಂದ ಮುಟ್ಟಿದೆ? ಕೈಗವಸು ಪ್ರತಿ ಸಲವೂ ಕುದಿಸಿದ್ದು. ಒಳಗನ್ನು ಬಿಡಿಸಿ ನೋಡುವ ಸ್ಪೆಕ್ಯುಲಮ್ ಕುದಿಸಿದ್ದು. ಕುದಿಸುವಾಗ ನಾನೇ ಗಡಿಯಾರ ಹಿಡಿದು ನಿಲ್ಲುತ್ತಿದ್ದೆ. ಇನ್ನೇನು ಮುಟ್ಟಿತ್ತು?

ಕೆಂಪು ನೀರು ಮುಟ್ಟಿತ್ತು. ಅದು ನಮ್ಮ ಆಸ್ಪತ್ರೆಯ ಹೆಮ್ಮೆ. ನಾನು ಪರೀಕ್ಷೆ ಮುಗಿಸಿದ ಮೇಲೆ ಪ್ರತಿಯೊಬ್ಬ ಹೆಂಗಸೂ ಪರದೆಯ ಹಿಂದಕ್ಕೆ ಹೋಗಬೇಕು. ಅಲ್ಲಿ ಗೋಡೆಯ ಮೊಳೆಗೆ ತೂಗುಹಾಕಿದ ಎನಿಮಾ ಡಬ್ಬ, ಅದರಿಂದ ಇಳಿಯುವ ರಬ್ಬರು ಕೊಳವೆ, ಕೊಳವೆಯ ತುದಿಗೆ ತೂತುಗಳಿರುವ ಒಂದು ಕಪ್ಪು ನಳಿಕೆ. ವಾರ್ಡಿನ ಕೆಲಸದ ಆಯಮ್ಮ ಉಗುರುಬೆಚ್ಚಗಿನ ಪರ್ಮಾಂಗನೇಟ್ ನೀರಿನಿಂದ ಒಳಗೆ ತೊಳೆಯುತ್ತಿದ್ದಳು. ಹೆಂಗಸರಿಗೆ ಇದು ಬಹಳ ಇಷ್ಟ. ಗಣಿಯ ಕಾವನ್ನು ಆರಿಸುವ ತಂಪು ಎಂದು ನಂಬಿದ್ದರು. ನಾನು ಕೊಟ್ಟ ಕಬ್ಬಿಣದ ಮಾತ್ರೆಯನ್ನು ಚರಂಡಿಗೆ ಎಸೆದರೂ ಕೆಂಪು ನೀರನ್ನು ಒಬ್ಬಳೂ ತಪ್ಪಿಸಿಕೊಂಡವಳಲ್ಲ. ಮಾತ್ರೆಯ ವಾರಗಳಲ್ಲಿ ಮಾತ್ರ ಅದನ್ನು ಬಿಟ್ಟಿದ್ದ ಕಾಮಸಮುದ್ರದವಳೂ ಸ್ಲೈಡು ಚೊಕ್ಕಟವಾದ ಮೇಲೆ ಮತ್ತೆ ಪರದೆಯ ಹಿಂದೆ ಹೋಗಿದ್ದಳು.

ಅವತ್ತೇ ಪರದೆಯ ಆಚೆ ಹೋಗಿ ಆಯಮ್ಮನನ್ನು ಕೇಳಿದೆ. ಅವಳು ಊರಿನ ಕೋರಮಂಡಲ್ ಬಡಾವಣೆಯ ವಿಧವೆ, ತಮಿಳು ಕನ್ನಡ ಎರಡನ್ನೂ ಒಂದೇ ಉಸಿರಿನಲ್ಲಿ ಆಡುವವಳು.

“ಈ ನಳಿಕೆಯನ್ನು ಕುದಿಸ್ತೀಯಾ?”

“ಮೊದ್ಲು ಗಾಜಿಂದು ಇತ್ತು ಸಾರ್, ಕುದಿಸಿ ಕುದಿಸಿ ಒಡ್ದೋಯ್ತು. ಇದು ಕುದಿಸಿದ್ರೆ ಬಾಳೆಕಾಯಿ ಥರಾ ಬಗ್ಗುತ್ತೆ.”

“ಲೈಸಾಲಿನಲ್ಲಿ ಅದ್ದಿ ಇಡಬೇಕಲ್ಲ?”

“ಇಡ್ತಿದ್ದೆ ಸಾರ್. ಉರಿ ಉರಿ ಅಂತ ಅಳ್ತಾರೆ. ಪಾವಂ, ಬಸುರಿ ಎಂಗಸ್ರು. ಅದಕ್ಕೇ ಬಿಟ್ಟೆ. ಈ ಕೆಂಪು ನೀರಲ್ಲೇ ಒಂದು ಸಲ ಆಡಿಸ್ತೀನಿ, ಮುಂದಿನವಳಿಗೆ ಹಾಕ್ತೀನಿ.”

ಆಡಿಸುವ ಬೋಗುಣಿ ನೋಡಿದೆ. ಬೆಳಿಗ್ಗೆ ಕಲಸಿದ ನೀರು. ಕೆಂಪು ಎಂದೋ ಹೋಗಿ ಚಹಾದ ಬಣ್ಣಕ್ಕೆ ತಿರುಗಿತ್ತು. ಆ ಬಣ್ಣಕ್ಕೆ ಬಂದ ಪರ್ಮಾಂಗನೇಟ್ ಏನನ್ನೂ ಕೊಲ್ಲುವುದಿಲ್ಲ. ಅದರಿಂದ ಯಾರಿಗೂ ಉರಿಯುವುದೂ ಇಲ್ಲ.

ಮುಂದಿನ ಗುರುವಾರ ಸಿಸ್ಟರನ್ನು ಪರದೆಯ ಒಳಗೆ ನಿಲ್ಲಿಸಿದೆ. ಎಂದಿನ ಹಾಗೆಯೇ ನಡೆಯಲಿ, ಆದರೆ ಒಬ್ಬೊಬ್ಬಳಾದ ಮೇಲೂ, ಆಯಮ್ಮ ನಳಿಕೆ ಆಡಿಸಿದ ಮೇಲೆ, ಅದರ ತೂತಿಗೆ ಅಂಟಿದ ಲೋಳೆಯನ್ನು ಸ್ಲೈಡಿಗೆ ಒರೆಸಿ ನನಗೆ ಕೊಡಬೇಕು. ಆಮೇಲೆ ನಳಿಕೆಯನ್ನು ಲೈಸಾಲಿನಲ್ಲಿ ಅದ್ದಿ, ಚೆನ್ನಾಗಿ ತೊಳೆದು ಮುಂದಿನವಳಿಗೆ ಹಾಕಬೇಕು. ಉರಿದರೆ ಉರಿಯಲಿ. ಮೊದಲ ನಂಬರುಗಳೆಲ್ಲ ಚೊಕ್ಕಟ ಬಂದವು. ವರ್ಕ್‌ಶಾಪಿನವನೊಬ್ಬನ ಹೆಂಡತಿ, ನೆಲದ ಮೇಲಿನವರಲ್ಲಿ ಕೊನೆಯ ನಂಬರಿನವಳು, ತನಗೆ ಬಿಳಿಯೂ ಇಲ್ಲ ತುರಿಕೆಯೂ ಇಲ್ಲ ಎಂದು ಪ್ರತಿ ವಾರ ಹೇಳಿ ನಗುತ್ತ ಹೋಗುವವಳು, ಎದ್ದು ಹೋದ ಮೇಲೆ ಬಂದ ಸ್ಲೈಡಿನಲ್ಲಿ ಅದು ಈಜುತ್ತಿತ್ತು. ಅವಳ ಹಿಂದಿನಿಂದಲೇ ಸುರಂಗದವರ ನಂಬರುಗಳು ಶುರು.

ನಾನು ಕುರ್ಚಿಗೆ ಒರಗಿ ಕೂತೆ. ಸುರಂಗದವರ ಹೆಂಡತಿಯರಿಗೆ ರೋಗ ಬಂದದ್ದು ಗಂಡಂದಿರ ಚಾಳಿಯಿಂದಲ್ಲ, ಗಣಿಯ ಕಾವಿನಿಂದಲೂ ಅಲ್ಲ. ಅವರನ್ನು ನಾವು ಆ ಹೆಂಗಸಿನ ಹಿಂದೆ ಕೂರಿಸಿದ್ದರಿಂದ. ನೆಲದ ಮೇಲಿನವರು ಉಳಿದುಕೊಂಡದ್ದು ಅವಳ ಮುಂದೆ ಕೂತದ್ದರಿಂದ. ಒಳ್ಳೆಯ ನಡತೆಯೆಂದು ನಾನು ಓದಿಕೊಂಡದ್ದು ಬರಿಯ ಸರದಿಯ ಕ್ರಮ.

ಪರದೆಯಿಂದ ಹೊರಬಂದ ಸಿಸ್ಟರಿಗೆ ಹೇಳಿದೆ, “ನಾನು ಬಂದ ದಿನದಿಂದ ಈ ತೊಳೆಯುವುದನ್ನು ವಿರೋಧಿಸುತ್ತಲೇ ಇದ್ದೆ. ದೊಡ್ಡ ಡಾಕ್ಟರು ಕೇಳಲಿಲ್ಲ.”

ಸಿಸ್ಟರು ಕಪಾಟಿನಿಂದ ಆರ್ಡರ್ ಪುಸ್ತಕ ತಂದು, ಹಾಳೆ ತಿರುವಿ, ನನ್ನ ಮುಂದಿಟ್ಟರು. “ಸುರಂಗದ ಕೆಲಸಗಾರರ ಹೆಂಡತಿಯರಿಗೆ ವಾರಕ್ಕೆ ಒಂದರ ಬದಲು ಎರಡು ಸಲ ತೊಳೆಯತಕ್ಕದ್ದು.” ಅಕ್ಷರ ನನ್ನದು. ಕೆಳಗೆ ಸಹಿ ನನ್ನದು. ಬಿಳಿ ಹೆಚ್ಚಾಗಿದೆ ಎಂದು ಎಂದೋ ಬರೆದಿರಬೇಕು.

“ನೀವು ವಿರೋಧ ಮಾಡಿದ್ದು ನನಗೆ ನೆನಪಿಲ್ಲ ಡಾಕ್ಟ್ರೇ,” ಎಂದರು ಸಿಸ್ಟರು. “ದೊಡ್ಡೋರು ವಾರಕ್ಕೊಂದು ಸಲ ಸಾಕು ಅಂದಿದ್ರು. ಸೋಮವಾರಾನೂ ಇರಲಿ ಅಂತ ಜಗಳ ಮಾಡಿದ್ದು ನೀವೇ.”

ನನಗೆ ಆ ಜಗಳ ನೆನಪಿರಲಿಲ್ಲ. ಈಗಲೂ ಇಲ್ಲ. ನೆನಪಿದ್ದದ್ದು ನಾನು ವಿರೋಧಿಸಿದ್ದು, ನಿಂತಿದ್ದ ಜಾಗ, ದೊಡ್ಡ ಡಾಕ್ಟರು ಕನ್ನಡಕ ಒರೆಸಿಕೊಂಡದ್ದು, ಎಲ್ಲ. ನಡೆಯದ ಸಂಗತಿಯನ್ನು ಅಷ್ಟು ವಿವರವಾಗಿ ಕಟ್ಟಿಕೊಟ್ಟ ತಲೆಯನ್ನು ಹೊತ್ತುಕೊಂಡು ನಾನು ಬೇರೆಯವರ ಮಾತನ್ನು ಅನುಮಾನಿಸುತ್ತ ಓಡಾಡಿಕೊಂಡಿದ್ದೆ.

ದೊಡ್ಡ ಡಾಕ್ಟರ ಬಳಿ ಹೋಗಿ ತೊಳೆಯುವುದನ್ನು ನಿಲ್ಲಿಸಬೇಕು ಎಂದೆ. ಹೊಸ ಗಾಜಿನ ನಳಿಕೆಗಳು ಬಂದ ಮೇಲೂ ಬೇಡ, ಬಸುರಿಯ ಒಳಗೆ ಕೊಳವೆ ಹಾಕಿ ನೀರು ಬಿಡುವುದೇ ಬೇಡ ಎಂದೆ.

“ಒಂದು ಸ್ಲೈಡಿನಲ್ಲಿ ಒಂದು ಹುಳ ಕಂಡಿತು ಅಂತ ಇಷ್ಟು ವರ್ಷದ ಪದ್ಧತಿ ಬಿಡಲಾ? ನಳಿಕೆಯ ಹುಳಕ್ಕೂ ನೀರು ಒಡೆಯೋದಕ್ಕೂ ಸಂಬಂಧ ಇದೆ ಅಂತ ಎಲ್ಲಿ ಬರೆದಿದೆ, ತೋರಿಸಿ.”

ತೋರಿಸಲಾರದೆ ಹೋದೆ. ಸೋಂಕು ಮೇಲೇರಿ ಚೀಲದ ಪೊರೆಯನ್ನು ಕೆಡಿಸುತ್ತದೆ ಎಂಬ ಊಹೆ ಕೆಲವರಲ್ಲಿತ್ತು, ಖಚಿತವಾಗಿ ಬರೆದವರು ಕಡಿಮೆ. ಜೀವನದಲ್ಲಿ ಒಮ್ಮೆ ಅವರು ಸರಿಯಾದ ಪ್ರಶ್ನೆ ಕೇಳಿದ್ದರು, ಅದೂ ತಪ್ಪು ಕಾರಣಕ್ಕೆ.

ಸಂಜೆ ಆ ಕಪ್ಪು ನಳಿಕೆಯನ್ನು ಕಿತ್ತು, ಕಾಗದದಲ್ಲಿ ಸುತ್ತಿ, ಚೀಲಕ್ಕೆ ಹಾಕಿಕೊಂಡು ಬಂಗಾರಪೇಟೆಯ ರೈಲು ಹತ್ತಿದೆ. ಆಸ್ಪತ್ರೆಯಲ್ಲಿ ಇದ್ದದ್ದು ಅದೊಂದೇ. ಜ್ಞಾನದ ಬಲದಿಂದ ಮಾಡಲಾಗದ್ದನ್ನು ಕಳ್ಳತನದಿಂದ ಮಾಡಿದೆ.

ಸೋಮವಾರ ಪರದೆಯ ಆಚೆಯಿಂದ ಗಲಾಟೆ ಎದ್ದಿತು. “ಯಾಕ್ ಕೊಡಲ್ಲ ಕೆಂಪು ನೀರು? ಮೇಲ್ಗಡೆಯೋರ್ಗೆ ಮಾತ್ರಾನಾ?” “ನಮ್ ಗಂಡಂದ್ರು ಕೆಳಗೆ ಬೇಯ್ತವ್ರೆ, ನಾವಿಲ್ಲಿ ಬೇಯ್ಬೇಕಾ?” ಒಬ್ಬಳು ನನಗೆ ಕೇಳಲೆಂದೇ ಹೇಳಿದಳು, “ಈ ಬಂಗಾರಪೇಟೆ ಡಾಕ್ಟ್ರು ಬಂದಾಗ್ಲಿಂದ ಆಸ್ಪತ್ರೆ ಕೆಟ್ಟೋತು ಕಣೇ.” ದೊಡ್ಡ ಡಾಕ್ಟರು ನಳಿಕೆ ಎಲ್ಲಿ ಎಂದು ವಿವರಣೆ ಕೇಳಿ ಚೀಟಿ ಕಳಿಸಿದರು. ಇಲ್ಲ ಎಂದು ಬರೆದು ಕಳಿಸಿದೆ. ಹೊಸದು ಬರಲು ಆ ಆಸ್ಪತ್ರೆಯ ಕಾಗದಗಳ ಓಡಾಟದಲ್ಲಿ ತಿಂಗಳುಗಳೇ ಬೇಕು ಎಂಬುದು ನನಗೆ ಗೊತ್ತಿತ್ತು. ಆ ಸೋಮಾರಿತನವೇ ನಮ್ಮ ಪಾಲಿನ ಔಷಧಿಯಾಯಿತು.

ಕಾಮಸಮುದ್ರದವಳಿಗೆ ಆರ್ಸೆನಿಕ್ ಮಾತ್ರೆ ಮತ್ತೊಂದು ಸುತ್ತು ಕೊಟ್ಟೆ. ಯಾಕೆ ಮತ್ತೆ ಬಂತು ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಸ್ಲೈಡು ಚೊಕ್ಕಟವಾಯಿತು. ಏಳನೆಯ ತಿಂಗಳು ಬಂತು.

ಆ ತಿಂಗಳ ಕೊನೆಯಲ್ಲಿ ಒಂದು ಬೆಳಿಗ್ಗೆ ತಾಯಿಯ ಭುಜ ಹಿಡಿದು ಬಂದಳು. ಬಸ್ಸಿನಲ್ಲಿ ಸೀರೆ ಒದ್ದೆಯಾಯಿತಂತೆ. “ಓತು ಸಾಮಿ, ಇದೂ ಓತು,” ಎಂದು ತಾಯಿಯೇ ಅಳುತ್ತಿದ್ದಳು. ಅವಳು ಅಳುತ್ತಿರಲಿಲ್ಲ, ಹೊಟ್ಟೆಯ ಕೆಳಗೆ ಎರಡೂ ಕೈ ಕೊಟ್ಟು ಹಿಡಿದುಕೊಂಡಿದ್ದಳು, ಕೈಯಿಂದಲೇ ತಡೆಯುವವಳ ಹಾಗೆ.

ದೊಡ್ಡ ಡಾಕ್ಟರು ಅವತ್ತು ವಾರ್ಡಿನಲ್ಲಿದ್ದರು. ಕೆಂಪು ಲಿಟ್ಮಸ್ ಕಾಗದವನ್ನು ಒದ್ದೆಗೆ ತಾಗಿಸಿದರು. ನೀಲಿಗೆ ತಿರುಗಿತು. ಚೀಲದ ನೀರು ಕ್ಷಾರ, ಕಾಗದ ನೀಲಿಯಾದರೆ ನೀರು ಒಡೆದಿದೆ. ಇದು ಎಲ್ಲರೂ ಕಲಿತ ಪಾಠ.

“ಹರಳೆಣ್ಣೆ ಕೊಡಿ, ಎನಿಮಾ ಕೊಡಿ, ಪಿಟ್ಯುಟ್ರಿನ್ ಶುರು ಮಾಡಿ,” ಎಂದರು. “ಜ್ವರ ಬರೋ ಮೊದಲು ಹೊರಗೆ ತೆಗೀಬೇಕು. ಹಿಂದಿನ ಸಲ ಇವಳೇ ಸಾಯೋದರಲ್ಲಿದ್ದಳು.”

ಅದು ನಿಜ. ನೀರು ಒಡೆದಿದ್ದು ನಾವು ಕಾದರೆ ತಾಯಿಗೆ ನಂಜು ಏರಬಹುದು. ಒಡೆದಿಲ್ಲದೆ ನೋವು ಬರಿಸಿದರೆ ಉಳಿಯದ ಮಗುವನ್ನು ನಾವೇ ಹೊರಗೆಳೆದಂತೆ. ಆ ಕಾಗದದ ನೀಲಿ ನನಗೆ ಮಂಕಾಗಿ ಕಂಡಿತು. ಸೋಂಕಿನ ಸ್ರಾವವೂ ಆ ಕಾಗದಕ್ಕೆ ಮೋಸ ಮಾಡುತ್ತದೆ, ಸೋಪಿನ ನೀರೂ ಮಾಡುತ್ತದೆ. ಒಳಗೆ ಬೆರಳು ಹಾಕಲು ಯಾರಿಗೂ ಬಿಡಲಿಲ್ಲ. ಕುದಿಸಿದ ಸ್ಪೆಕ್ಯುಲಮ್ ಒಂದನ್ನೇ ಹಾಕಿ, ಹಿಂಬದಿಯಲ್ಲಿ ನಿಂತಿದ್ದ ನೀರನ್ನು ಪಿಪೆಟ್ಟಿನಲ್ಲಿ ಎತ್ತಿ, ಮೂರು ಸ್ಲೈಡುಗಳ ಮೇಲೆ ಹರಡಿ, ಕಿಟಕಿಯ ಕಟ್ಟೆಯ ಮೇಲೆ ಒಣಗಲು ಇಟ್ಟೆ. ಮಗುವಿನ ಚೀಲದ ನೀರು ಒಣಗಿದರೆ ಅದರ ಉಪ್ಪು ಜರೀಗಿಡದ ಎಲೆಯ ಹಾಗೆ ಕವಲೊಡೆದು ಹರಳುಗಟ್ಟುತ್ತದೆ. ಬೇರೆ ಸ್ರಾವ ಹಾಗೆ ಆಗುವುದಿಲ್ಲ.

“ಎಲೆ ನೋಡೋಕೆ ಕಾಯ್ತೀರಾ?” ಎಂದರು ದೊಡ್ಡ ಡಾಕ್ಟರು. “ಇದು ಆಸ್ಪತ್ರೆಯೋ ಲಾಲ್‌ಬಾಗೋ?”

ಸ್ಲೈಡು ಒಣಗುವಷ್ಟು ಹೊತ್ತು ನಾನು ಕಿಟಕಿಯ ಹತ್ತಿರವೇ ನಿಂತಿದ್ದೆ. ಮಂಚದ ಮೇಲಿಂದ ಅವಳು ಕೇಳಿದಳು, “ಏನ್ ಕಾಣ್ತೈತೆ ಸಾಮಿ?”

“ಇನ್ನೂ ಏನಿಲ್ಲ.”

“ಇಲ್ಲ ಅಂದ್ರೆ ಒಳ್ಳೇದಾ ಕೆಟ್ಟದ್ದಾ?”

“ಒಳ್ಳೇದು,” ಎಂದೆ. ನನ್ನ ಬಾಯಿಂದ ಅವಳಿಗೆ ಹೊರಟ ಮೊದಲ ಒಳ್ಳೆಯ ಮಾತು ಅದು.

ಮೂರು ಸ್ಲೈಡಿನಲ್ಲೂ ಎಲೆ ಮೂಡಲಿಲ್ಲ. ಮತ್ತೆ ಮೂರು ಮಾಡಿದೆ, ಮೂಡಲಿಲ್ಲ. ಕೇಸ್ ಹಾಳೆಯಲ್ಲಿ, ನೀರು ಒಡೆದಿಲ್ಲ, ನೋವು ಬರಿಸಬಾರದು, ಜವಾಬ್ದಾರಿ ನನ್ನದು ಎಂದು ಬರೆದು ಸಹಿ ಹಾಕಿದೆ. ಈ ಸಲ ಏನು ಬರೆದೆ ಎಂಬುದನ್ನು ಸಿಸ್ಟರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಮುಂದೆ ನನ್ನ ನೆನಪು ಇನ್ನೇನಾದರೂ ಹೇಳಿದರೆ ಸಾಕ್ಷಿ ಇರಲಿ ಎಂದು. ಸ್ಲೈಡೂ ಸುಳ್ಳು ಹೇಳಬಹುದಿತ್ತು. ಅದನ್ನು ಮಾತ್ರ ಗಟ್ಟಿಯಾಗಿ ಹೇಳಲಿಲ್ಲ.

ಅವಳನ್ನು ವಾರ್ಡಿನಲ್ಲೇ ಮಲಗಿಸಿದೆವು. ನಾಲ್ಕು ಗಂಟೆಗೊಮ್ಮೆ ಕುದಿಸಿ ಒಣಗಿಸಿದ ಬಟ್ಟೆ ಬದಲಿಸಿ ಬಣ್ಣ, ವಾಸನೆ ನೋಡುವುದು, ಜ್ವರ ನೋಡುವುದು. ಒದ್ದೆ ಎರಡು ದಿನದಲ್ಲಿ ನಿಂತಿತು, ಬರಿಯ ಸ್ರಾವವಿದ್ದಿರಬೇಕು. ಜ್ವರ ಬರಲಿಲ್ಲ. ಎಂಟನೆಯ ತಿಂಗಳು ಕಳೆಯಿತು. ಒಂಬತ್ತನೆಯದರ ಕೊನೆಗೆ, ಒಂದು ಮಧ್ಯಾಹ್ನ, ನೋವು ಬಂದು, ನೀರು ಒಡೆಯಬೇಕಾದ ಹೊತ್ತಿಗೆ ಒಡೆದು, ಹೆಣ್ಣು ಮಗು ಹುಟ್ಟಿತು. ಹುಟ್ಟಿದ ಕೂಡಲೇ ಆಯಮ್ಮನ ಕೈಮೇಲೆ ಉಚ್ಚೆ ಹೊಯ್ದು ಕಿರುಚಿತು.

ಒಂದು ಹೆರಿಗೆ ಏನನ್ನೂ ಸಾಬೀತು ಮಾಡುವುದಿಲ್ಲ. ಆಮೇಲೆ ನಮ್ಮಲ್ಲಿ ಬೇಗ ನೀರು ಒಡೆಯುವುದು ಕಡಿಮೆಯಾದಂತೆ ಕಂಡಿತು, ಅದೂ ಸಾಬೀತಲ್ಲ. ತಾವು ವಾರ್ಡಿಗೆ ಹೊಸದಾಗಿ ಹಾಕಿಸಿದ ಫಿನೈಲಿನ ಮಹಿಮೆ ಅದು ಎಂದು ದೊಡ್ಡ ಡಾಕ್ಟರು ಎಲ್ಲರಿಗೂ ಹೇಳಿಕೊಂಡು ಓಡಾಡಿದರು.

ಮೂರನೆಯ ದಿನ ಮಗುವಿನ ತಂದೆಗೆ ಹೇಳಿಕಳಿಸಿದ್ದೀಯಾ ಎಂದು ಅವಳನ್ನು ಕೇಳಿದೆ.

“ಇಲ್ಲ.”

“ಯಾಕೆ?”

“ನೀವೇ ಯೋಳಿದ್ರಲ್ಲ ಸಾಮಿ, ಎರಡು ಮಕ್ಕಳ್ನ ತಿಂದೋನು ಅಂತ. ಇದನ್ನೂ ತೋರಿಸ್ಲಾ?”

ಹೇಳದೆ ಸುಮ್ಮನಿರಬಹುದಿತ್ತು. ತಾಯಿ ಮಗು ಬದುಕಿದ್ದಾರೆ, ಇನ್ನೇನು ಎಂದುಕೊಂಡು ಒಂದು ದಿನ ಸುಮ್ಮನಿದ್ದೆ ಕೂಡ. ಮರುದಿನ ಸಂಜೆಯ ರೈಲು ಬಿಟ್ಟು ಮೈಸೂರು ಮೈನ್ಸಿನ ಲೈನ್ ಮನೆಗಳಿಗೆ ನಡೆದೆ. ಅವನು ಶಿಫ್ಟು ಮುಗಿಸಿ ಬಂದು ಬೀದಿಯ ಟ್ಯಾಪಿನ ಕೆಳಗೆ ತಲೆ ಒಡ್ಡಿ ಕೂತಿದ್ದ. ನನ್ನನ್ನು ನೋಡಿ ಏಳಲಿಲ್ಲ.

“ಏನ್ ಸಾಮಿ, ಇನ್ನೊಂದು ಸೂಜಿ ಬಾಕಿ ಐತಾ?”

ಹೇಳಿದೆ. ನಳಿಕೆ, ಸರದಿ, ನನ್ನ ಸಹಿ, ಎಲ್ಲ. ಅವನು ತಲೆಗೆ ನೀರು ಹಾಕಿಕೊಳ್ಳುತ್ತಲೇ ಕೇಳಿದ.

“ಮಗ ಎಂಗೈತೆ?”

“ಹೆಣ್ಣು. ಚೆನ್ನಾಗಿದೆ.”

ಅವನು ಟ್ಯಾಪು ನಿಲ್ಲಿಸಿದ. ಮುಖ ಒರೆಸಿಕೊಂಡ. “ಇದ್ನ ಬಂದು ಈ ಟ್ಯಾ‍ಪಿಗೆ ಯೋಳ್ತೀರಲ್ಲ ಸಾಮಿ. ಅವತ್ತು ಎಲ್ರ ಮುಂದೆ ಅಂದ್ರಿ. ನನ್ನ ಶಿಫ್ಟಿನೋರೆಲ್ಲ ಲಿಫ್ಟಿನಾಗೆ ನನ್ನ ಪಕ್ಕ ನಿಲ್ತಿರ್ಲಿಲ್ಲ, ರೋಗದೋನು ಅಂತ. ಇದ್ನೂ ಎಲ್ರ ಮುಂದೆ ಯೋಳಿ. ಆಮ್ಯಾಕೆ ಮಗ ನೋಡೋಕೆ ಬತ್ತೀನಿ.”

ಗುರುವಾರ ಬಂದ. ಒಗೆದ ಅಂಗಿ ಹಾಕಿಕೊಂಡು ಜಗಲಿಯ ಕಂಬದ ಹತ್ತಿರ ನಿಂತ. ಅವನ ಹೆಂಡತಿ ಮಗು ಎತ್ತಿಕೊಂಡು ವಾರ್ಡಿನ ಬಾಗಿಲಿಗೆ ಬಂದಳು. ಬೆಂಚುಗಳು ತುಂಬಿದ್ದವು. ಅವತ್ತು ನಿಂತಿದ್ದ ಜಾಗದಲ್ಲೇ ಹೋಗಿ ನಿಂತೆ.

“ಇವರಿಂದ ಬಂದ ರೋಗ ಅಂತ ಇಲ್ಲೇ ನಿಂತು ಹೇಳಿದ್ದೆ,” ಎಂದೆ. “ಅದು ಸುಳ್ಳು. ಈ ಆಸ್ಪತ್ರೆಯಲ್ಲಿ ಕೆಂಪು ನೀರು ಹಾಕ್ತಿದ್ದ ನಳಿಕೆಯಿಂದ ಬಂದದ್ದು. ಒಬ್ಬರಿಂದ ಅವರ ಹಿಂದೆ ಕೂತವರಿಗೆ ಬಂದದ್ದು. ವಾರಕ್ಕೆ ಎರಡು ಸಲ ಹಾಕಿ ಅಂತ ಬರೆದವನು ನಾನು.”

ಯಾರೂ ನಗಲಿಲ್ಲ. ಅವನು ಕಂಬ ಬಿಟ್ಟು ಬಾಗಿಲಿಗೆ ಹೋದ. ಅವಳು ಮಗುವನ್ನು ಅವನ ಕೈಗೆ ಕೊಡಲಿಲ್ಲ, ಮುಖದ ಮೇಲಿನ ಬಟ್ಟೆ ಸರಿಸಿ ತೋರಿಸಿದಳು. ಅವನು ಬಗ್ಗಿ ನೋಡುತ್ತ ನಿಂತ.

ಇಷ್ಟಕ್ಕೆ ಮುಗಿಯಿತೆಂದುಕೊಂಡು ನಾನು ಒಳಗೆ ಹೊರಟೆ. ಎರಡನೆಯ ಬೆಂಚಿನಿಂದ ಒಬ್ಬಳು ಎದ್ದಳು. ತುಂಬಿದ ಬಸುರಿ, ಎದ್ದು ನಿಲ್ಲಲು ಮುಂದಿನವಳ ಭುಜ ಹಿಡಿಯಬೇಕಾಯಿತು.

“ಓದ್ ವರ್ಷ ನಂದು ಏಳು ತಿಂಗ್ಳಿಗೆ ಒಡೀತು ಸಾಮಿ. ಗಂಡು ಮಗ. ಅದೂ ಅಂಗೇನಾ?”

ಹೌದು ಎನ್ನಲು ನನ್ನಲ್ಲಿ ಆಧಾರವಿರಲಿಲ್ಲ. ಅಲ್ಲ ಎನ್ನಲೂ ಇರಲಿಲ್ಲ. ಅವಳ ಸ್ಲೈಡನ್ನು ಆಗ ಯಾರೂ ನೋಡಿರಲಿಲ್ಲ.

“ಗೊತ್ತಿಲ್ಲಮ್ಮ,” ಎಂದೆ.

ಅವಳು ಮತ್ತೆ ಮುಂದಿನವಳ ಭುಜ ಹಿಡಿದು ಕೂತಳು. ಅವಳ ಹಿಂದೆ ಕೂತಿದ್ದವಳು ಎದ್ದಳು.